ಅಜ್ಜನ ಅಂಗಿಯ ನಾಲ್ಕು ಗುಂಡಿಗಳು

ಮಕ್ಕಳೇ, ನಿಮ್ಮ ಅಂಗಿಯ ಗುಂಡಿಯಲ್ಲಿ ಎಷ್ಟು ತೂತುಗಳಿವೆ? ನೋಡದೆ ಹೇಳಿ. ಎರಡೋ ನಾಲ್ಕೋ ಎಂದು ಅನುಮಾನ ಬಂತಲ್ಲವೇ? ದಿನಾ ಬೆಳಗ್ಗೆ ಮುಟ್ಟುವ ವಸ್ತುವನ್ನು ನಾವು ಸರಿಯಾಗಿ ನೋಡಿಯೇ ಇರುವುದಿಲ್ಲ. ಈಗಿನ ಗುಂಡಿ ಪ್ಲಾಸ್ಟಿಕ್ಕಿನದು, ಕಿತ್ತುಹೋದರೆ ಇನ್ನೊಂದು ಹೊಲಿದರಾಯಿತು. ಅಜ್ಜಂದಿರ ಕಾಲದ ಗುಂಡಿಯ ಕಥೆ ಬೇರೆ.

ನಮ್ಮೂರು ಮಧುಗಿರಿ ತಾಲ್ಲೂಕಿನ ಪುರವರ. ರಾಗಿ, ಕಡಲೆಕಾಯಿ ಬೆಳೆಯುವ ಬಯಲುಸೀಮೆ. ನನ್ನ ಅಜ್ಜನ ಬಳಿ ಬೆಳ್ಳಿಯ ಗುಂಡಿ ಸರವೊಂದಿತ್ತು. ನಾಲ್ಕು ಗುಂಡಿ, ಅವನ್ನು ಕೂಡಿಸುವ ಸಣ್ಣ ಸರಪಳಿ. ಇದನ್ನು ಅಂಗಿಗೆ ಹೊಲಿಯುವುದಿಲ್ಲ. ಅಂಗಿಯ ಎರಡೂ ಅಂಚಿಗೆ ಕಾಜ ಮಾಡಿಸಿ, ಗುಂಡಿಗಳನ್ನು ತೂರಿಸಿ ಹಾಕಿಕೊಳ್ಳಬೇಕು. ಅಂಗಿ ಕಳಚಿದ ಮೇಲೆ ಬಿಚ್ಚಿ ಪೆಟ್ಟಿಗೆಯಲ್ಲಿಡಬೇಕು. ಏಕೆ ಗೊತ್ತೇ? ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆಯುವಾಗ ಬೆಳ್ಳಿ ನಜ್ಜುಗುಜ್ಜಾಗಬಾರದಲ್ಲ! ಮದುವೆಗೆ ಮತ್ತು ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಮಾತ್ರ ಅಜ್ಜ ಅದನ್ನು ಧರಿಸುತ್ತಿದ್ದರು.

ಒಂದೊಂದು ಗುಂಡಿಯೂ ಅರ್ಧ ಬೋರೆಹಣ್ಣಿನಷ್ಟು. ಒಳಗೆ ಟೊಳ್ಳು. ಮೇಲೆ ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ಹೊಸೆದು ಬಗ್ಗಿಸಿದ ಎಂಟು ಎಸಳಿನ ಹೂವು. ನಡುವೆ ಸಾಸಿವೆ ಕಾಳಿನಷ್ಟು ಬೆಳ್ಳಿಯ ಮಣಿ.

ಈ ಸರಕ್ಕೆ ಈಗ ನಾವು ನಾಲ್ವರು ವಾರಸುದಾರರು. ತಲೆಗೊಂದು ಗುಂಡಿ ಹಂಚಿಕೊಳ್ಳೋಣ ಎಂದರು ಒಬ್ಬರು. ಕರಗಿಸಿ ತಮ್ಮನ ಮಗಳಿಗೆ ಕಾಲ್ಗೆಜ್ಜೆ ಮಾಡಿಸೋಣ ಎಂದರು ಇನ್ನಿಬ್ಬರು. ಬ್ಯಾಂಕಿನವನು ಎಂದು ಕೆಲಸ ನನ್ನ ಪಾಲಿಗೆ ಬಂತು. ಮಧುಗಿರಿಯ ಹಿರಿಯ ಅಕ್ಕಸಾಲಿಗರೊಬ್ಬರ ಮುಂದೆ ಇಟ್ಟೆ. ತೂಗಿದರು, 40 ಗ್ರಾಂ. ಆಮೇಲೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಕರಗ್ಸೋದು ಹತ್ತು ನಿಮಿಷದ ಕೆಲ್ಸ ಸ್ವಾಮಿ. ಈ ಎಳೆ ಎಳ್ದು ಹೂವ ಕೂರ್ಸೋಕೆ ಈಗ ನನ್ ಕೈಲಾಗಲ್ಲ. ಯೋಚ್ನೆ ಮಾಡಿ.”

ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಬಹಳ ವರ್ಷ ಕೂತವನು ನಾನು. ಅಲ್ಲಿ ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ತಕ್ಕಡಿಗೆ ಹಾಕಿ, ಹರಳು ಮತ್ತು ಅರಗಿನ ತೂಕ ಕಳೆದು ಗ್ರಾಂ ಬರೆಯುತ್ತಿದ್ದೆವು. ಕೆಲಸಗಾರಿಕೆಗೆ ನಮ್ಮ ಲೆಡ್ಜರಿನಲ್ಲಿ ಕಲಮು ಇರಲಿಲ್ಲ. ಆ ಲೆಕ್ಕ ತಲೆಯಲ್ಲಿಟ್ಟುಕೊಂಡೇ, ನಿವೃತ್ತ ಗೆಳೆಯರ ಜೊತೆ ಬೀದರಿಗೆ ಪ್ರವಾಸ ಹೋದೆ.

ಬೆಂಗಳೂರಿನಿಂದ ರಾತ್ರಿ ರೈಲು. ಕೋಟೆ ನೋಡಿಕೊಂಡು ಚೌಬಾರದ ಬಳಿಯ ಗಲ್ಲಿಗೆ ಬಂದೆವು. ಅಲ್ಲೊಂದು ಬಿದರಿ ಅಂಗಡಿಯಲ್ಲಿ ಹೂಜಿ, ತಟ್ಟೆಗಳ ನಡುವೆ ಶೇರ್ವಾನಿಗೆ ಹಾಕುವ ಗುಂಡಿಗಳು! ಕಪ್ಪು ಮೈ ಮೇಲೆ ಬೆಳ್ಳಿಯ ಬಳ್ಳಿ. ಕುಶಲಕರ್ಮಿ ವಿವರಿಸಿದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ನಯ ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರುತ್ತಾರೆ. ಚಾಣದಿಂದ ಚಿತ್ತಾರ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಉಜ್ಜಿದರೆ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

“ಇದರಲ್ಲಿ ಬೆಳ್ಳಿ ಎಷ್ಟಿದೆ?” ಎಂದು ಕೇಳಿದೆ. ಹಳೆಯ ಚಾಳಿ.

ಅವರು ನಕ್ಕರು. “ಭಾಳ ಕಮ್ಮಿ ಅದ ರೀ. ಕರಗಿಸಿದ್ರ ಏನೂ ಬರಂಗಿಲ್ಲ. ಇದಕ್ಕ ಕೈಕೆಲಸದ್ದೇ ರೊಕ್ಕ.”

ಗುಂಡಿಯ ಚರಿತ್ರೆಯೂ ಅದನ್ನೇ ಹೇಳುತ್ತದೆ. ಮೊಹೆಂಜೊದಾರೊದಲ್ಲಿ ಚಿಪ್ಪಿನಿಂದ ಕೆತ್ತಿದ, ತೂತಿರುವ ಗುಂಡಿಗಳು ಸಿಕ್ಕಿವೆ. ಅವು 4000 ವರ್ಷಗಳಷ್ಟು ಹಳೆಯವು. ಯುರೋಪಿನಲ್ಲಿ ಕಾಜ ಬಳಕೆಗೆ ಬಂದದ್ದು 13ನೇ ಶತಮಾನದಲ್ಲಿ. ಅಂದರೆ ಅಂಗಿ ಮುಚ್ಚುವ ಕೆಲಸ ಸಿಗುವ ಎಷ್ಟೋ ಮೊದಲೇ ಮನುಷ್ಯ ಚೆಂದಕ್ಕೆಂದು ಗುಂಡಿ ಮಾಡಿದ್ದ.

ಊರಿಗೆ ಬಂದವನೇ ಎಲ್ಲರನ್ನೂ ಕೂರಿಸಿದೆ. ಆ ದಿನದ ಬೆಳ್ಳಿ ದರಕ್ಕೆ ಲೆಕ್ಕ ಹಾಕಿ ಮೂರು ಪಾಲಿನ ಹಣವನ್ನು ನನ್ನ ಪಿಂಚಣಿಯಿಂದ ಕೊಟ್ಟೆ. ಸರ ಇಡಿಯಾಗಿ ಉಳಿಯಿತು. ಆದರೆ ಅದು ನನ್ನೊಬ್ಬನದಲ್ಲ. ಮನೆಯ ಯಾವ ಮಗುವಿನ ಶುಭಕಾರ್ಯಕ್ಕೂ ಒಯ್ಯಬಹುದು. ಒಂದು ನೋಟುಪುಸ್ತಕದಲ್ಲಿ ಒಯ್ದ ದಿನ, ತಂದ ದಿನ ಬರೆದು ಸಹಿ ಮಾಡಬೇಕು, ಅಷ್ಟೆ.

ಮಕ್ಕಳೇ, ಈ ಭಾನುವಾರ ಅಜ್ಜಿಯ ಹೊಲಿಗೆ ಡಬ್ಬಿ ಬಿಚ್ಚಿಸಿ. ಹಳೆಯ ಗುಂಡಿ ಸಿಕ್ಕರೆ ಹಿಂದುಮುಂದು ತಿರುಗಿಸಿ ನೋಡಿ. ಕರಟವೋ, ಚಿಪ್ಪೋ, ಹಿತ್ತಾಳೆಯೋ? ಯಾರ ಅಂಗಿಯದು? ಅಜ್ಜಂದಿರೇ, ಅವರು ಕೇಳಿದಾಗ ಹೇಳಿಬಿಡಿ.

ಅಂದಹಾಗೆ, ನಮ್ಮ ಪುಸ್ತಕದಲ್ಲಿ ಮೊದಲ ಸಹಿ ತಮ್ಮನ ಮಗಳದು. ಕಾಲ್ಗೆಜ್ಜೆ ಬೇಡವಂತೆ. ಅಣ್ಣನ ಮದುವೆಗೆ ಗುಂಡಿ ಸರವನ್ನು ತನ್ನ ಕುರ್ತಾಕ್ಕೆ ಹಾಕಿಕೊಂಡು ಹೋದಳು!