ಒಸರಿನ ಮೂಲ

ಹನ್ನೆರಡನೆಯ ಶತಮಾನದ ಶರಣರಲ್ಲಿ ಅನೇಕರನ್ನು ನಾವು ಇಂದಿಗೂ ಅವರ ಕಾಯಕದ ಹೆಸರಿನಿಂದಲೇ ಸ್ಮರಿಸುತ್ತೇವೆ. ಮಡಿವಾಳ ಮಾಚಿದೇವರು, ಮೇದರ ಕೇತಯ್ಯನವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು. ಈ ಹೆಸರುಗಳಲ್ಲಿ ಕಸುಬು ಕಳಂಕವಲ್ಲ, ಬಿರುದು. ಬಟ್ಟೆ ಒಗೆಯುವುದು, ಬಿದಿರು ಹೆಣೆಯುವುದು, ದೋಣಿ ನಡೆಸುವುದು, ಹಗ್ಗ ಹೊಸೆಯುವುದು ಅಂದಿನ ಸಂಸಾರಗಳಿಗೆ ಬೇಕಾದ ಕೆಲಸಗಳಾಗಿದ್ದವು. ಇಂದಿನ ಸಂಸಾರಗಳಿಗೆ ಬೇಕಾದ ಕೆಲಸಗಳಲ್ಲಿ ಒಂದನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬಯಸುತ್ತೇವೆ. ಅದು ಜೀಪಿನ ಅಡಿಯಲ್ಲಿ ಮಲಗಿ ಎಣ್ಣೆಯ ಒಸರನ್ನು ನಿಲ್ಲಿಸುವ ಕೆಲಸ.

ಧರ್ಮಪತ್ರಿಕೆಯಲ್ಲಿ ಜೀಪಿಗೇನು ಕೆಲಸವೆಂದು ಓದುಗರು ಕೇಳಬಹುದು. ಸಕಲೇಶಪುರ, ಮೂಡಿಗೆರೆಗಳ ಕಡೆಯ ತೋಟದ ಮನೆಗಳಲ್ಲಿರುವ ಬಂಧುಗಳು ಹಾಗೆ ಕೇಳಲಾರರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ ಅಮೆರಿಕದ ಸೈನ್ಯಕ್ಕಾಗಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಈ ವಾಹನವು ನಮ್ಮ ಮಲೆನಾಡಿನಲ್ಲಿ ಕಾಫಿಯ ಮೂಟೆಯನ್ನೂ, ಶಾಲೆಯ ಮಕ್ಕಳನ್ನೂ, ನಡುರಾತ್ರಿಯ ಬಾಣಂತಿಯನ್ನೂ ಹೊತ್ತು ತಿರುಗಿದೆ. ಆಷಾಢದ ಕೆಸರಿನಲ್ಲಿ ಬೇರೆ ವಾಹನ ನಿಂತುಹೋದ ಕಡೆ ನಾಲ್ಕು ಚಕ್ರಕ್ಕೂ ಬಲ ಕೊಡುವ ಜೀಪು ಏರುತ್ತದೆ. ಆ ಬಲಕ್ಕೊಂದು ಬೆಲೆಯೂ ಉಂಟು. ಮುಂದೊಂದು ಹಿಂದೊಂದು ಡಿಫರೆನ್ಷಿಯಲ್, ನಡುವೆ ಟ್ರಾನ್ಸ್‌ಫರ್ ಕೇಸ್, ಎರಡು ಪ್ರೊಪೆಲರ್ ಶಾಫ್ಟು. ತಿರುಗುವ ಸಂದುಗಳು ಹೆಚ್ಚಾದಷ್ಟೂ ಎಣ್ಣೆಯನ್ನು ತಡೆಯುವ ಸೀಲುಗಳು ಹೆಚ್ಚು. ಸೀಲುಗಳು ಹೆಚ್ಚಾದಷ್ಟೂ ಒಸರಲು ದಾರಿಗಳೂ ಹೆಚ್ಚು.

ನಮ್ಮ ಬಳಿಯೂ ಇಂಥದೊಂದು ಹಳೆಯ ಡೀಸೆಲ್ ಜೀಪು ಇದೆ. ವಯಸ್ಸಿನಿಂದಾಗಿ ಅದರ ರಬ್ಬರು ಒಣಗಿದೆ, ಕಾರ್ಕು ಬಿರಿದಿದೆ. ಅದನ್ನು ನೋಡಿಕೊಳ್ಳುತ್ತ ಕಲಿತ ಮೊದಲ ಪಾಠವೆಂದರೆ, ಪಾನಾ ಹಿಡಿಯುವ ಮುನ್ನ ಕಣ್ಣಿಗೆ ಕೆಲಸ ಕೊಡಬೇಕು. ರಾತ್ರಿ ವಾಹನದ ಕೆಳಗೆ ಅಗಲವಾದ ರಟ್ಟೊಂದನ್ನು ಹಾಸಿ, ಮುಂಜಾನೆ ಬಿದ್ದ ಹನಿಯನ್ನು ಪರೀಕ್ಷಿಸಬೇಕು. ಕಪ್ಪು ಅಥವಾ ಕಂದು ಹನಿ ಎಂಜಿನ್ನಿನದು. ಮಂದವಾಗಿ ಗಂಧಕದ ಘಾಟು ಬಂದರೆ ಗೇರಿನ ಅಥವಾ ಡಿಫರೆನ್ಷಿಯಲ್ಲಿನ ಎಣ್ಣೆ. ಹಸಿರೋ ಕೆಂಪೋ ಬಣ್ಣದ ನೀರು ಬೆರಳಿಗೆ ಅಂಟಿದರೆ ರೇಡಿಯೇಟರಿನ ಕೂಲಂಟ್. ಇದು ಸಿಹಿಯಾದ ವಿಷವಾದ್ದರಿಂದ ಮಕ್ಕಳನ್ನೂ ನಾಯಿ, ದನಕರುಗಳನ್ನೂ ದೂರವಿಡಬೇಕು. ಚಕ್ರದ ಒಳಮಗ್ಗುಲಲ್ಲಿ ತಿಳಿಹಳದಿಯ ತೆಳು ದ್ರವ ಕಂಡರೆ ಅದು ಬ್ರೇಕಿನದು. ಅದರ ಮಾತನ್ನು ಮುಂದೆ ಹೇಳುತ್ತೇವೆ.

ಎರಡನೆಯ ಪಾಠ ಇನ್ನೂ ಮುಖ್ಯವಾದುದು. ಹನಿ ಬಿದ್ದ ಜಾಗದ ನೇರಕ್ಕೇ ಒಸರಿನ ಮೂಲವಿರಬೇಕೆಂದಿಲ್ಲ. ಎಣ್ಣೆ ತನ್ನ ಭಾರದಿಂದ ಕೆಳಗಿಳಿಯುತ್ತದೆ; ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಿಯುತ್ತದೆ. ಎಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನಲ್ಲಿ ಹುಟ್ಟಿದ ಒಸರು ಗೇರ್‌ಬಾಕ್ಸಿನ ಬುಡದಲ್ಲಿ ತೊಟ್ಟಿಕ್ಕಬಹುದು. ಆದುದರಿಂದ ಮೊದಲು ಆ ಭಾಗವನ್ನೆಲ್ಲ ಉಜ್ಜಿ ಒರೆಸಿ ಒಣಗಿಸಬೇಕು. ಬಳಿಕ ತೆಳುವಾಗಿ ಮುಖದ ಪೌಡರನ್ನು ಉದುರಿಸಿ, ಸ್ವಲ್ಪ ದೂರ ಓಡಿಸಿ ಬಂದು ನೋಡಬೇಕು. ಬಿಳಿಯ ಪುಡಿಯ ಮೇಲೆ ಎಣ್ಣೆ ತಾನು ನಡೆದ ದಾರಿಯನ್ನು ತಾನೇ ಬರೆದಿಡುತ್ತದೆ. ಆ ದಾರಿಯನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಹೋದರೆ ಮೂಲ ಸಿಕ್ಕುತ್ತದೆ.

ಮೂಲ ಸಿಕ್ಕ ಮೇಲೂ ಕಾರಣವನ್ನು ಕೇಳಬೇಕು. ಹಿಂದಿನ ಡಿಫರೆನ್ಷಿಯಲ್ಲಿನ ಸೀಲು ಒಸರುತ್ತಿದೆಯೆಂದು ಹೊಸ ಸೀಲು ಹಾಕಿಸುತ್ತಾರೆ. ಕೆಲವೇ ದಿನಗಳಲ್ಲಿ ಅದೂ ಒಸರತೊಡಗುತ್ತದೆ. ಇಂಥಲ್ಲಿ ದೋಷ ಸೀಲಿನದೇ ಆಗಿರಬೇಕೆಂದಿಲ್ಲ. ಆಕ್ಸಲ್ಲಿನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಇರುತ್ತದೆ. ಓಡುವಾಗ ಒಳಗಿನ ಎಣ್ಣೆ ಕಾಯುತ್ತದೆ, ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಈ ಗಂಡಿಯಿಂದ ಹೊರಹೋಗಬೇಕು. ಅದಕ್ಕೆ ಕೆಸರು ಮೆತ್ತಿ ಒಣಗಿದರೆ ಉಸಿರು ಕಟ್ಟಿ, ಒತ್ತಡವು ಎಣ್ಣೆಯನ್ನು ಸೀಲಿನ ಅಂಚಿನಿಂದ ಹೊರದೂಡುತ್ತದೆ. ಕಾದ ಆಕ್ಸಲ್ಲು ಹಳ್ಳದ ತಣ್ಣೀರಿಗೆ ಇಳಿದಾಗ ಇದೇ ಗಾಳಿ ಕುಗ್ಗಿ, ಸಿಕ್ಕ ಸಂದಿನಿಂದ ನೀರನ್ನು ಒಳಗೆಳೆಯುತ್ತದೆ. ಹಳ್ಳ ದಾಟಿದ ಮೇಲೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿತೆಂದೇ ಅರ್ಥ, ತಡಮಾಡದೆ ಬದಲಿಸಬೇಕು. ಬ್ರೀದರನ್ನು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಊದಿ ಒಣಗಿಸಿ ಹಾಕಲು ಒಂದು ಗಳಿಗೆ ಸಾಕು, ಕಾಸಿನ ಖರ್ಚೂ ಇಲ್ಲ.

ಮನೆಯಲ್ಲೇ ಮಾಡಬಹುದಾದ ಮತ್ತೊಂದು ಕೆಲಸ ಟ್ಯಾಪೆಟ್ ಕವರಿನ ಕಾರ್ಕ್ ಗ್ಯಾಸ್ಕೆಟ್ ಬದಲಿಸುವುದು. ಎಂಜಿನ್ನು ತಣ್ಣಗಾದ ಮೇಲೆ ಕವರು ತೆಗೆದು, ಹಳೆಯ ಕಾರ್ಕಿನ ಚೂರೂ ಉಳಿಯದಂತೆ, ಚೂರು ಎಂಜಿನ್ನಿನೊಳಗೆ ಬೀಳದಂತೆ ಮೊಂಡು ಅಲಗಿನಿಂದ ಹೆರೆಯಬೇಕು. ಎರಡು ಮುಖಗಳನ್ನೂ ಒರೆಸಿ ಒಣಗಿಸಿ ಹೊಸದನ್ನು ಕೂರಿಸಬೇಕು. ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ತೋಳಿನ ಬಲವನ್ನೆಲ್ಲ ಹಾಕಿ ಬಿಗಿದರೆ ಕಾರ್ಕು ಹಿಸುಕಿ ಹೊರಬರುತ್ತದೆ, ತಗಡು ಬಾಗುತ್ತದೆ, ಒಸರು ಮೊದಲಿಗಿಂತ ಹೆಚ್ಚುತ್ತದೆ. ಹಿತವಾದ ಬಿಗಿ ಯಾವುದೆಂಬುದನ್ನು ಪುಸ್ತಕಕ್ಕಿಂತ ಬೆರಳೇ ಚೆನ್ನಾಗಿ ಬಲ್ಲದು.

ಮಾಡಬಾರದ ಕೆಲಸಗಳೂ ಇವೆ. ಬ್ರೇಕಿನ ದ್ರವ ಜಿನುಗಿದರೆ ಮನೆಮದ್ದಿಲ್ಲ. ವಾಹನವನ್ನು ಅಲ್ಲೇ ನಿಲ್ಲಿಸಿ ಬಲ್ಲವರನ್ನು ಕರೆಸಬೇಕು. ಘಟ್ಟದ ಇಳಿಜಾರಿನಲ್ಲಿ ಕ್ಷಮೆಯೆಂಬುದಿಲ್ಲ. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಬರಿಯ ಜಾಕನ್ನು ನಂಬಿ ಕೆಳಗೆ ನುಸುಳಕೂಡದು. ಗಟ್ಟಿಯಾದ ಸ್ಟ್ಯಾಂಡು ಕೊಟ್ಟೇ ಹೋಗಬೇಕು. ಹಳೆಯ ಜೀಪುಗಳಲ್ಲಿ ಹಲವಕ್ಕೆ ಹ್ಯಾಂಡ್‌ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಎತ್ತಿದೊಡನೆ ಡಿಫರೆನ್ಷಿಯಲ್ಲಿನ ಮೂಲಕ ಆ ಹಿಡಿತ ತಪ್ಪಿ ವಾಹನ ಉರುಳಬಹುದು. ನೆಲದಲ್ಲಿರುವ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಡದೆ ಜಾಕಿಗೆ ಕೈ ಹಾಕಬಾರದು. ತೆಗೆದ ಎಣ್ಣೆಯನ್ನು ಹಳ್ಳಕ್ಕಾಗಲಿ ತೋಟದ ಮಣ್ಣಿಗಾಗಲಿ ಚೆಲ್ಲದೆ, ಡಬ್ಬಿಯಲ್ಲಿ ಕೂಡಿಸಿ ಹಳೆಯ ಎಣ್ಣೆ ಸಂಗ್ರಹಿಸುವವರಿಗೆ ಕೊಡಬೇಕು.

ಇಷ್ಟನ್ನು ಬರೆದುದು ಎಲ್ಲರೂ ಮೆಕ್ಯಾನಿಕ್ಕರಾಗಲೆಂದಲ್ಲ. ಕಾಯಕವನ್ನು ವೇದಿಕೆಯ ಮೇಲೆ ಕೊಂಡಾಡಿ ಮನೆಗೆ ಮರಳಿದ ಹಿರಿಯರೇ, ವರನು ಗ್ಯಾರೇಜು ನಡೆಸುವವನೆಂದು ತಿಳಿದೊಡನೆ ಸಂಬಂಧದ ಮಾತನ್ನು ಅಲ್ಲಿಗೇ ನಿಲ್ಲಿಸುವುದನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇವೆ. “ಹುಡುಗ ಒಳ್ಳೆಯವನೇ ಸ್ವಾಮೀ, ಆದರೆ ಕೈಯೆಲ್ಲ ಎಣ್ಣೆ” ಎನ್ನುತ್ತಾರೆ. ಹೀಗೆನ್ನುವವರು ಒಮ್ಮೆಯಾದರೂ ಒಂದು ಗ್ಯಾಸ್ಕೆಟ್ಟನ್ನು ತಾವೇ ಕೂರಿಸಿ ನೋಡಬೇಕು. ಒಂದು ಹನಿಯ ಮೂಲವನ್ನು ಹುಡುಕಲು ಎಷ್ಟು ತಾಳ್ಮೆ, ಎಷ್ಟು ವಿವೇಕ, ತನ್ನ ಮಿತಿಯ ಎಷ್ಟು ಅರಿವು ಬೇಕೆಂಬುದು ಆಗ ತಿಳಿಯುತ್ತದೆ. ಮಠದಲ್ಲಿ ನಾವು ವ್ಯಾಕರಣ ಕಲಿತಾಗಲೂ ಗುರುಗಳು ಬೇಡಿದ್ದು ಈ ಮೂರನ್ನೇ.

ಆದ್ದರಿಂದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ರಜೆಯ ದಿನ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪಾನಾ ಹಿಡಿಯಲು ಕಲಿಸಿರಿ. ಗ್ಯಾರೇಜಿನ ಹುಡುಗನ ಸಂಬಂಧ ಬಂದಾಗ ಅವನ ಕೈಯ ಕಲೆಯನ್ನು ನೋಡಬೇಡಿರಿ. ಬ್ರೇಕು ಸರಿಪಡಿಸಿದ ಮೇಲೆ ವಾಹನವನ್ನು ಒಡೆಯನಿಗೆ ಒಪ್ಪಿಸುವ ಮುನ್ನ ಇಳಿಜಾರಿನಲ್ಲಿ ತಾನೇ ಓಡಿಸಿ ನೋಡುತ್ತಾನೆಯೇ ಎಂದು ವಿಚಾರಿಸಿರಿ. ನೋಡುತ್ತಾನೆಂದಾದರೆ ನಿಶ್ಚಿಂತೆಯಿಂದ ಮಗಳನ್ನು ಕೊಡಿರಿ.