200 ಕುದುರೆ, 16 ಚೀಲ

ನಮ್ಮ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬವಿದೆ. ಕುಬ್ಜ ಎಂಬ ಕವಿ ರಚಿಸಿದ ಶಾಸನ ಅದರ ಮೇಲಿದೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಸಿಟ್ಟಿನಿಂದ ಕತ್ತಿ ಹಿಡಿದು ಕೊನೆಗೆ ಕದಂಬ ರಾಜ್ಯ ಕಟ್ಟಿದ್ದು, ಎಲ್ಲವೂ ಅದರಲ್ಲಿದೆ. ಹೀಗೆ ಕುದುರೆಯ ಜಗಳ ನಮ್ಮೂರಿಗೆ ಹೊಸದಲ್ಲ. ಈಚೆಗೆ ನಮ್ಮ ಮನೆಯಲ್ಲೂ ಒಂದು ನಡೆಯಿತು. ಆದರೆ ಅದು ಅಶ್ವಶಕ್ತಿಯ ಜಗಳ.

ನಮ್ಮದು ತೋಟದ ಮನೆ. ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಒಂದು ಆಷಾಢದ ರಾತ್ರಿ ನನ್ನ ಹೆಂಡತಿಗೆ ಉಸಿರಾಡುವುದೇ ಕಷ್ಟವಾಯಿತು. ಆಟೋ ಡಾಂಬರು ರಸ್ತೆಯ ತನಕ ಮಾತ್ರ ಬಂತು. ಮಳೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಚಾಪೆ ಹಾಸಿ, ಮೇಲೆ ತಾಡಪಾಲು ಹಿಡಿದು ಅವಳನ್ನು ಅಲ್ಲಿಗೆ ಮುಟ್ಟಿಸಿದೆವು. ಗುಣವಾಗಿ ಮನೆಗೆ ಬಂದ ಮೇಲೆ ಮಗ ಹೇಳಿದ: "ಅಪ್ಪಾ, ಈ ಸಲ ಶುಂಠಿ ದುಡ್ಡು ಬಂದರೆ ಒಂದು ಪಿಕಪ್ ತಗೊಳ್ಳಲೇಬೇಕು. ಚೀಲಾನೂ ಹೊರಬೇಕು, ಅವ್ವನ್ನೂ ಹೊರಬೇಕು."

ಎಂಟನೇ ತರಗತಿಯ ಮೊಮ್ಮಗನಿಗೆ ಅಷ್ಟೇ ಸಾಕಾಯಿತು. ಒಂದು ನೋಟ್ ಪುಸ್ತಕಕ್ಕೆ ರಟ್ಟು ಹಾಕಿ ಗೆರೆ ಎಳೆದ. ಮೊದಲ ಸಾಲಿನಲ್ಲಿ ಫೋರ್ಡ್ ರೇಂಜರ್ ರ‍್ಯಾಪ್ಟರ್. ಮರಳುಗಾಡಿನ ಓಟಕ್ಕೆಂದೇ ಸಜ್ಜುಗೊಳಿಸಿದ ಗಾಡಿ; ದಿಬ್ಬದಿಂದ ಹಾರಿ ಇಳಿಯುವುದನ್ನು ಅವನು ವಿಡಿಯೋದಲ್ಲಿ ನೋಡಿದ್ದ. ಆದರೆ ಅದು ನಮ್ಮ ದೇಶದಲ್ಲಿ ಮಾರಾಟಕ್ಕಿರಲಿಲ್ಲ. ಅದನ್ನು ಹೊಡೆದುಹಾಕಿ ಟೊಯೋಟಾ ಹೈಲಕ್ಸ್ ಎಂದು ಬರೆದ. ಕೆಳಗೆ ಇಸುಜು ವಿ-ಕ್ರಾಸ್. ಕೊನೆಗೆ, ಅಪ್ಪನ ಒತ್ತಾಯಕ್ಕೆ, ಮಹೀಂದ್ರಾ ಬೊಲೆರೊ ಕ್ಯಾಂಪರ್.

"ಅಜ್ಜಾ, ಹೈಲಕ್ಸ್‌ಗೆ 204 ಅಶ್ವಶಕ್ತಿ, ವಿ-ಕ್ರಾಸ್‌ಗೆ 160ರ ಮೇಲೆ. ಕ್ಯಾಂಪರ್‌ಗೆ ಬರೀ 75!" ಎಂದ. ಈ ಅಳತೆ ಹುಟ್ಟಿದ ಕಥೆ ಮಕ್ಕಳಿಗೆ ಗೊತ್ತಿರಲಿ. 18ನೇ ಶತಮಾನದಲ್ಲಿ ಜೇಮ್ಸ್ ವಾಟ್ ತನ್ನ ಉಗಿ ಯಂತ್ರ ಮಾರುವಾಗ, ಅದು ಎಷ್ಟು ಕುದುರೆಗಳ ಕೆಲಸ ಮಾಡುತ್ತದೆಂದು ಗಿರಾಕಿಗಳಿಗೆ ತಿಳಿಯಲೆಂದು ಮಾಡಿಕೊಂಡ ಲೆಕ್ಕ ಇದು. ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವ್ಯಾಟ್. ಸುಮಾರು 76 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲೆತ್ತುವಷ್ಟು. ಕುದುರೆ ಹೆಚ್ಚಿದ್ದರೆ ಗಾಡಿ ಬೇಗ ಓಡುತ್ತದೆ, ಏರನ್ನು ಸಲೀಸಾಗಿ ಹತ್ತುತ್ತದೆ. ಮೊಮ್ಮಗನ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಆಗ ಅವನ ಅಜ್ಜಿ, ಹೂ ಕಟ್ಟುತ್ತಾ, ಒಂದೇ ಪ್ರಶ್ನೆ ಕೇಳಿದಳು: "ಎಷ್ಟು ಚೀಲ ಹಿಡಿತದೋ ಮಗಾ?"

ಆ ಗೆರೆ ಪುಸ್ತಕದಲ್ಲಿ ಇರಲಿಲ್ಲ. ಕಂಪನಿ ಪತ್ರಗಳನ್ನು ತಂದು ಹುಡುಕಿದೆವು. ಕ್ಯಾಂಪರ್ ಹೊರುವುದು ಸುಮಾರು ಒಂದು ಟನ್. ಹೈಲಕ್ಸ್‌ನದು ಅರ್ಧ ಟನ್ನಿನ ಆಸುಪಾಸು. ನಮ್ಮ ಕಡೆ ಶುಂಠಿ ಚೀಲವೆಂದರೆ 60 ಕಿಲೋ. ಒಂದರಲ್ಲಿ 16 ಚೀಲ, ಇನ್ನೊಂದರಲ್ಲಿ ಏಳೆಂಟು! ದೊಡ್ಡ ಇಂಜಿನ್ನಿನ ಗಾಡಿ ಕಡಿಮೆ ಹೊರುವುದು ಹೇಗೆಂದು ಮೊಮ್ಮಗ ಕಣ್ಣರಳಿಸಿದ. ಎಳೆಯುವುದು ಇಂಜಿನ್ನಾದರೂ ಹೊರುವುದು ಚಾಸಿ, ಟೈರು ಮತ್ತು ಪಾಟಾ. ಪಾಟಾ ಎಂದರೆ ಹಿಂದಿನ ಚಕ್ರದ ಮೇಲೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಒಳಗೆ ಕೂತವರ ಮೈ ಕುಲುಕದಿರಲೆಂದು ಅದನ್ನು ಮೆತ್ತಗೆ ಮಾಡಿದರೆ ಭಾರ ಹೊರುವುದು ಕಡಿಮೆ. ಗಡುಸು ಮಾಡಿದರೆ ಖಾಲಿ ಗಾಡಿ ಎತ್ತಿ ಎತ್ತಿ ಹಾಕುತ್ತದೆ. ಎರಡೂ ಒಂದೇ ಗಾಡಿಯಲ್ಲಿ ಪೂರ್ತಿ ಸಿಗುವುದಿಲ್ಲ.

ಅಜ್ಜಿಯ ಪ್ರಶ್ನೆಗಳು ಅಲ್ಲಿಗೆ ನಿಲ್ಲಲಿಲ್ಲ. "ನಮ್ಮ ಅಡಿಕೆ ತೋಟದ ತಿರುವಲ್ಲಿ ತಿರುಗ್ತದಾ? ಕೆಟ್ಟರೆ ರಿಪೇರಿ ಎಲ್ಲಿ? ನನ್ನ ಮಂಡಿಗೆ ಹತ್ತೋಕೆ ಬರ್ತದಾ?" ಮೊಮ್ಮಗ ಮೂರು ಹೊಸ ಗೆರೆ ಎಳೆದ. ಹೈಲಕ್ಸ್ 5.3 ಮೀಟರಿಗೂ ಉದ್ದ. ಅಷ್ಟುದ್ದದ ಹಗ್ಗ ಹಿಡಿದು ತಿರುವಿನಲ್ಲಿ ನಿಂತು ನೋಡಿದ. ಎರಡು ಅಡಿಕೆ ಮರ ಹೋಗಬೇಕಿತ್ತು. ಬೆಲೆಯ ಗೆರೆಗೆ ಬಂದಾಗ ಮಗ ಸುಮ್ಮನಾದ. ಹೈಲಕ್ಸ್‌ನ ದುಡ್ಡಿಗೆ ಕ್ಯಾಂಪರ್ ಮೂರು ಬರುತ್ತಿದ್ದವು. ಶುಂಠಿಯ ಧಾರಣೆ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಹಾಗೇ ಇರುತ್ತದೆ.

ಮೊಮ್ಮಗನ ಮುಖ ಬಾಡಿತು. ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಆಮೇಲೆ ತಾನೇ ಬಂದು, "ಕ್ಯಾಂಪರ್ ಹಳ್ಳ ಹತ್ತದಿದ್ದರೆ?" ಎಂದ. ಅದು ಕೇಳಲೇಬೇಕಾದ ಮಾತು. ಷೋರೂಮಿನವರು ಓಡಿಸಲು ಕೊಡುವುದು ಒಳ್ಳೆಯ ರಸ್ತೆಯಲ್ಲಿ. ಸೊರಬದ ನಮ್ಮ ಬೀಗರಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕ್ಯಾಂಪರ್ ಇತ್ತು. ಜಡಿಮಳೆಯ ದಿನವೇ ಅದನ್ನು ತರಿಸಿದೆವು.

ಮೊದಲು ಖಾಲಿ ಗಾಡಿ, ಹಿಂದಿನ ಎರಡೇ ಚಕ್ರದ ಬಲದಲ್ಲಿ. ಹಳ್ಳದ ದಂಡೆಯಲ್ಲಿ ಚಕ್ರ ಗಿರಗಿರ ತಿರುಗಿ ಕೆಸರು ಎರಚಿತೇ ಹೊರತು ಗಾಡಿ ಮೇಲೇರಲಿಲ್ಲ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಅದಕ್ಕೇ ಟೈರಿಗೆ ಹಿಡಿತ ಸಿಗುವುದಿಲ್ಲ. ಆಮೇಲೆ ನಾಲ್ಕು ಚಕ್ರಕ್ಕೆ ಹಾಕಿ, ಹತ್ತು ಚೀಲ ಭತ್ತ ಹೇರಿ, ಮೊದಲ ಗೇರಿನಲ್ಲಿ ನಿಧಾನವಾಗಿ ಬಿಟ್ಟ ನನ್ನ ಮಗ. ಗಾಡಿ ಎಮ್ಮೆಯ ಹಾಗೆ ಅವಸರವಿಲ್ಲದೆ ಹತ್ತಿತು. ಡಾಂಬರು ಸಿಕ್ಕ ಕೂಡಲೇ ಎರಡು ಚಕ್ರಕ್ಕೆ ಬದಲಾಯಿಸಿದ. ಒಣ ರಸ್ತೆಯಲ್ಲಿ ಹಾಗೇ ಓಡಿಸಿದರೆ ತಿರುವಿನಲ್ಲಿ ಇಂಥ ಗಾಡಿಗಳ ಹಲ್ಲುಚಕ್ರಗಳಿಗೆ ಪೆಟ್ಟು.

ಕೊಂಡದ್ದು ಅದನ್ನೇ. ಒಳಗೆ ಸದ್ದು ಜಾಸ್ತಿ, ಖಾಲಿಯಿದ್ದಾಗ ಕುಲುಕಾಟವೂ ಉಂಟು. ಹೆದ್ದಾರಿಯಲ್ಲಿ ಎಲ್ಲರೂ ನಮ್ಮನ್ನು ಹಿಂದೆ ಹಾಕುತ್ತಾರೆ. ಅಜ್ಜಿ ಹತ್ತಲೆಂದು ಮೊಮ್ಮಗನೇ ಹಲಸಿನ ಹಲಗೆಯ ಒಂದು ಮೆಟ್ಟಿಲು ಮಾಡಿಸಿದ. ಈಗ ಅವಳು ತಿಂಗಳಿಗೊಮ್ಮೆ ಡಾಕ್ಟರ ಬಳಿ ಹೋಗುವಾಗ ಮುಂದಿನ ಸೀಟು ಅವಳದ್ದೇ.

ಪಕ್ಕದ ತೋಟದವರು ಗಾಡಿ ಕೊಳ್ಳುವ ಯೋಚನೆಯಲ್ಲಿ ಮೊಮ್ಮಗನ ಪುಸ್ತಕ ಕೇಳಿ ಪಡೆದಿದ್ದಾರೆ. ಕೊಡುವ ಮೊದಲು ಅವನು ಗಾಡಿಗಳ ಹೆಸರಿದ್ದ ಹಾಳೆಗಳನ್ನೆಲ್ಲ ಕಿತ್ತಿಟ್ಟುಕೊಂಡು, ಅಜ್ಜಿಯ ಪ್ರಶ್ನೆಗಳನ್ನು ಮಾತ್ರ ಹೊಸ ಹಾಳೆಯಲ್ಲಿ ಬರೆದುಕೊಟ್ಟ. "ದಾರಿ ಅವರದ್ದು, ಚೀಲಾನೂ ಅವರದ್ದು. ಉತ್ತರ ಅವರೇ ಬರ್ಕೊಳ್ಳಲಿ," ಎಂದ.