ಸಂತೊರಿನಿ ಬೇಡ, ನಾಫ್‌ಪ್ಲಿಯೊ ಸಾಕು: ಅಮ್ಮನ ಮಂಡಿಗೆ ಹೊಂದುವ ಕಡಲೂರು

ಗ್ರೀಸ್ ಅಂದ ಕೂಡಲೇ ನಮ್ಮ ಫೋನಿನಲ್ಲಿ ಬರೋದು ಒಂದೇ ಚಿತ್ರ: ಬಿಳಿ ಗೋಡೆ, ನೀಲಿ ಗುಮ್ಮಟ, ಸೂರ್ಯಾಸ್ತ. ಅದು ಸಂತೊರಿನಿ. ಚೆಂದದ ಜಾಗವೇ, ಸಂಶಯವಿಲ್ಲ. ಆದರೆ ಆಫೀಸಿನಲ್ಲಿ ಸಿಗುವುದು ಎಂಟೇ ದಿನ ರಜೆ, ಜೊತೆಗೆ ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗಬೇಕು ಅನ್ನುವವರಿಗೆ ಇನ್ನೊಂದು ಕಡಲೂರು ಇದೆ. ದ್ವೀಪವಲ್ಲ, ಹಡಗು ಹತ್ತಬೇಕಿಲ್ಲ, ಮತ್ತೊಂದು ವಿಮಾನವೂ ಬೇಡ. ಅಥೆನ್ಸ್‌ನಿಂದ ಬಸ್ಸಿನಲ್ಲಿ ಎರಡು-ಎರಡೂವರೆ ಗಂಟೆ. ಊರಿನ ಹೆಸರು ನಾಫ್‌ಪ್ಲಿಯೊ.

ನನ್ನ ಲೆಕ್ಕಾಚಾರ ಶುರುವಾದದ್ದು ಅಮ್ಮನಿಂದ. ಅವಳು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು. ಪುಸ್ತಕ ನೋಡದೆ ಸೀಮೆಸುಣ್ಣದಲ್ಲಿ ಮೆಡಿಟರೇನಿಯನ್ ಸಮುದ್ರದ ನಕ್ಷೆ ಬಿಡಿಸುತ್ತಿದ್ದಳು. ಆ ಸಮುದ್ರವನ್ನು ಮಾತ್ರ ನೋಡಿಲ್ಲ. ಈಗ ವಯಸ್ಸು 64. ಎರಡೂ ಮಂಡಿ ಸವೆದಿವೆ, ಒಂದು ವರ್ಷದೊಳಗೆ ಆಪರೇಷನ್ ಮಾಡಿಸಿ ಎಂದಿದ್ದಾರೆ ಡಾಕ್ಟರು. ಅದಾದ ಮೇಲೆ ಹೋಗೋಣ ಅಂದರೆ, ‘ಆಮೇಲೆ ಹೇಗಿರ್ತೀನೋ ಯಾರಿಗೆ ಗೊತ್ತು ಕಣೇ, ಹೋಗೋದಿದ್ರೆ ಈಗ್ಲೇ’ ಅಂದಳು. ಅದೇ ಉಸಿರಿಗೆ, ‘ಅಷ್ಟು ದುಡ್ಡು ಯಾಕೆ ಸುರೀಬೇಕು, ಗೋಕರ್ಣಕ್ಕೇ ಹೋಗ್ಬರೋಣ’ ಅಂತಲೂ ಸೇರಿಸಿದಳು. ಎರಡೂ ಮಾತು ಮನಸ್ಸಿನಿಂದಲೇ ಬಂದದ್ದು. ಹಾಗಾಗಿ ಊರು ಆರಿಸುವಾಗ ‘ಎಲ್ಲಿ ಫೋಟೊ ಚೆನ್ನಾಗಿ ಬರತ್ತೆ’ ಅನ್ನೋದು ನನ್ನ ಪ್ರಶ್ನೆಯಾಗಿರಲಿಲ್ಲ. ‘ಅಮ್ಮ ಎಷ್ಟು ಮೆಟ್ಟಿಲು ಹತ್ತಬೇಕಾಗುತ್ತೆ’ ಅನ್ನೋದೇ ಪ್ರಶ್ನೆ.

ಅಥೆನ್ಸ್‌ಗಿಂತ ಮೊದಲಿನ ರಾಜಧಾನಿ

ಆಧುನಿಕ ಗ್ರೀಸಿಗೆ ಅಥೆನ್ಸ್ ರಾಜಧಾನಿಯಾದದ್ದು 1834ರಲ್ಲಿ. ಅದಕ್ಕೂ ಮೊದಲು ಆ ಪಟ್ಟ ಇದ್ದದ್ದು ಈ ಪುಟ್ಟ ಬಂದರಿಗೆ. ಇದನ್ನು ವೆನಿಸ್‌ನವರು ಆಳಿದರು, ಆಟೊಮನ್ ತುರ್ಕರು ಕಸಿದುಕೊಂಡರು, ಮತ್ತೆ 1686ರಲ್ಲಿ ವೆನಿಸ್‌ನವರು ಬಂದರು, 1715ರಲ್ಲಿ ಮತ್ತೆ ತುರ್ಕರು. ಹೀಗೆ ಕೈ ಬದಲಾದದ್ದೆಲ್ಲ ಊರಿನ ಗೋಡೆಗಳಲ್ಲೇ ಕಾಣುತ್ತದೆ. ಊರ ನಡುವಿನ ಸಿಂತಗ್ಮಾ ಚೌಕದಲ್ಲಿ ನಿಂತರೆ ಒಂದು ಕಡೆ ವೆನಿಸ್‌ನವರ ಉಗ್ರಾಣ. ಈಗ ಅದು ಪುರಾತತ್ವ ಮ್ಯೂಸಿಯಂ. ಒಳಗೆ ಸುಮಾರು ಮೂರೂವರೆ ಸಾವಿರ ವರ್ಷ ಹಳೆಯ ಕಂಚಿನ ಯುದ್ಧಕವಚವಿದೆ, ಹತ್ತಿರದ ದೆಂದ್ರಾ ಎಂಬ ಹಳ್ಳಿಯ ಗೋರಿಯಲ್ಲಿ ಸಿಕ್ಕಿದ್ದು. ಪಕ್ಕದಲ್ಲೇ ತುರ್ಕರ ಕಾಲದ ಮಸೀದಿ. ಅದರಲ್ಲಿ 1825ರಿಂದ ಗ್ರೀಕರ ಸಂಸತ್ತು ಸೇರುತ್ತಿತ್ತು.

ಇಲ್ಲಿಂದ ಸ್ವಲ್ಪವೇ ದೂರದ ಓಣಿಯಲ್ಲಿ ಸಂತ ಸ್ಪಿರಿಡಾನ್ ಚರ್ಚು. 1831ರ ಅಕ್ಟೋಬರ್ 9ರ ಬೆಳಗ್ಗೆ ಪ್ರಾರ್ಥನೆಗೆ ಬಂದ ದೇಶದ ಮೊದಲ ಗವರ್ನರ್ ಇಯೊನಿಸ್ ಕಪೊದಿಸ್ಟ್ರಿಯಾಸ್ ಅವರನ್ನು ಇದೇ ಬಾಗಿಲಲ್ಲಿ ಕೊಂದರು. ಗುಂಡು ಬಡಿದ ಗುರುತನ್ನು ಗಾಜಿನ ಹಿಂದೆ ಉಳಿಸಿದ್ದಾರೆ. ಅವರ ಬಗ್ಗೆ ಒಂದು ದಂತಕಥೆ ಇದೆ. ಬರಗೆಟ್ಟ ದೇಶಕ್ಕೆ ಆಲೂಗೆಡ್ಡೆ ತರಿಸಿದರಂತೆ, ಜನ ಮೂಸಿಯೂ ನೋಡಲಿಲ್ಲವಂತೆ. ಆಗ ರಾಶಿಗೆ ಕಾವಲು ಹಾಕಿಸಿ, ಯಾರಾದರೂ ಕದ್ದರೆ ನೋಡಿಯೂ ನೋಡದಂತಿರಿ ಎಂದರಂತೆ. ಇಷ್ಟು ಕಾವಲಿದ್ದರೆ ಬೆಲೆಬಾಳುವುದೇ ಇರಬೇಕು ಅಂತ ರಾತ್ರೋರಾತ್ರಿ ರಾಶಿ ಖಾಲಿ! ಅಮ್ಮ ಕೇಳಿ ನಕ್ಕಿದ್ದು ಇದಕ್ಕೇ: ‘ಹೋಂವರ್ಕ್ ಮಾಡಿಸೋಕೂ ಇಂಥದೇ ಉಪಾಯ ಬೇಕಿತ್ತು.’

999 ಮೆಟ್ಟಿಲು, ಒಂದು ಟ್ಯಾಕ್ಸಿ

ಊರಿನ ನೆತ್ತಿಯ ಮೇಲೆ ಪಲಮೀದಿ ಕೋಟೆ, 216 ಮೀಟರ್ ಎತ್ತರದಲ್ಲಿ. ವೆನಿಸ್‌ನವರು 1711ರಿಂದ 1714ರವರೆಗೆ ಕಟ್ಟಿದರು, ಮರುವರ್ಷವೇ ಕಳೆದುಕೊಂಡರು. ಊರಿನಿಂದ ಮೇಲಕ್ಕೆ 999 ಮೆಟ್ಟಿಲು ಅಂತ ಮಾತು. ಸಾವಿರನೆಯದು ಸ್ವಾತಂತ್ರ್ಯ ಹೋರಾಟದ ಸೇನಾನಿ ಕೊಲೊಕೊತ್ರೋನಿಸ್‌ನ ಕುದುರೆಯ ಗೊರಸಿಗೆ ಸಿಕ್ಕಿ ಮುರಿಯಿತಂತೆ. ಎಣಿಸಿದವರ ಲೆಕ್ಕ 999ಕ್ಕಿಂತ ಕಡಿಮೆಯೇ ಬರುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಅಭ್ಯಾಸವಿದ್ದವರು ಬೆಳಗ್ಗೆಯೇ ನೀರಿನ ಬಾಟಲಿ ಹಿಡಿದು ಹೊರಡಬಹುದು. ನೆರಳು ಕಡಿಮೆ.

ಮಂಡಿ ನೋವಿರುವವರಿಗೆ ಒಳ್ಳೆಯ ಸುದ್ದಿ: ಕೋಟೆಯ ಹಿಂಬದಿಯ ಬಾಗಿಲವರೆಗೂ ಡಾಂಬರು ರಸ್ತೆ ಇದೆ. ಟ್ಯಾಕ್ಸಿಯಲ್ಲಿ ಹೋಗಿ, ವಾಪಸ್ಸೂ ಟ್ಯಾಕ್ಸಿಯಲ್ಲೇ ಬನ್ನಿ. ‘ಹತ್ತೋದು ಕಷ್ಟ, ಇಳಿಯೋದು ಸುಲಭ’ ಅನ್ನೋದು ಸವೆದ ಮಂಡಿಗೆ ಅನ್ವಯಿಸುವುದಿಲ್ಲ. ಇಳಿಯುವಾಗಲೇ ಭಾರ ಹೆಚ್ಚು ಬೀಳುತ್ತದೆ. ಕೋಟೆಯ ಒಳಗೂ ಏರುತಗ್ಗು ಇದೆ, ಆದರೆ ಸಮುದ್ರ ಕಾಣುವ ಗೋಡೆಯ ಹತ್ತಿರ ಕೂತುಬಿಟ್ಟರೂ ಬಂದದ್ದು ಸಾರ್ಥಕ.

ಕೆಳಗೆ ನೀರಿನ ನಡುವೆ ಬೂರ್ಜಿ ಎಂಬ ಪುಟ್ಟ ಕೋಟೆ, 1473ರದ್ದು. ಪಲಮೀದಿ ಜೈಲಾಗಿದ್ದ ಕಾಲದಲ್ಲಿ ಗಲ್ಲಿಗೇರಿಸುವವರನ್ನು ಊರಿನೊಳಗೆ ಸೇರಿಸದೆ ಈ ನಡುಗಡ್ಡೆಯಲ್ಲಿ ಇಟ್ಟಿದ್ದರು. ಮುಂದೆ ಅದೇ ಕಟ್ಟಡ ಹೋಟೆಲೂ ಆಯಿತು! ದಡದಿಂದ ದೋಣಿಗಳು ಹೋಗುತ್ತವೆ. ಅಮ್ಮನ ಪಟ್ಟಿಯಲ್ಲಿ ಮಾತ್ರ ಮೊದಲ ಸ್ಥಾನ ಬಂದರಿನಿಂದ ಅರ್ವಾನಿತಿಯಾ ಕಡಲತೀರದವರೆಗೆ ಬಂಡೆಯನ್ನು ಬಳಸಿ ಹೋಗುವ ಕಾಲುದಾರಿಗೆ. ಸುಮಾರು ಒಂದು ಕಿಲೋಮೀಟರ್, ಬಹುತೇಕ ಸಮತಟ್ಟು, ಒಂದು ಪಕ್ಕದಲ್ಲಿ ಉದ್ದಕ್ಕೂ ಸಮುದ್ರ. ಮೇಲಿಂದ ಕಲ್ಲು ಉರುಳುವ ಅಪಾಯವಿದ್ದಾಗ ಈ ದಾರಿ ಮುಚ್ಚುತ್ತಾರೆ, ಹೊರಡುವ ಮುನ್ನ ಹೋಟೆಲಿನವರನ್ನು ಕೇಳಿ.

ಹೋಟೆಲ್ ಬುಕ್ ಮಾಡುವಾಗಲೂ ಒಂದು ಎಚ್ಚರ. ಹಳೇ ಊರಿನ ಮೇಲಿನ ಓಣಿಗಳೆಂದರೆ ಮೆಟ್ಟಿಲುಗಳೇ. ಹಳೆಯ ಮನೆಗಳಲ್ಲಿ ಲಿಫ್ಟ್ ಇರುವುದು ಅಪರೂಪ. ‘ಟ್ಯಾಕ್ಸಿ ನಿಲ್ಲುವ ಜಾಗದಿಂದ ರೂಮಿನವರೆಗೆ ಎಷ್ಟು ಮೆಟ್ಟಿಲು?’ ಅಂತ ಮೊದಲೇ ಮೆಸೇಜ್ ಹಾಕಿ. ನಾನು ಮೂರು ಕಡೆ ಕೇಳಿದೆ. ಒಬ್ಬರು ಫೋಟೊ ಸಮೇತ ಉತ್ತರಿಸಿದರು. ಅವರದ್ದೇ ಬುಕ್ ಮಾಡಿದೆ.

ದಿನಕ್ಕೆ ಒಂದೇ ತಾಣ

ನಾಫ್‌ಪ್ಲಿಯೊದ ದೊಡ್ಡ ಅನುಕೂಲ ಅಂದರೆ ಅಕ್ಕಪಕ್ಕದ ಎರಡು ವಿಶ್ವ ಪರಂಪರೆ ತಾಣಗಳು. ಒಂದು ಮೈಸಿನೆ, ಸುಮಾರು 25 ಕಿ.ಮೀ. ಸಿಂಹದ್ವಾರ ಕಟ್ಟಿ ಮೂರು ಸಾವಿರ ವರ್ಷಕ್ಕೂ ಹೆಚ್ಚಾಯಿತು. 1876ರಲ್ಲಿ ಶ್ಲೀಮನ್ ಅಗೆದಾಗ ಚಿನ್ನದ ಮುಖವಾಡಗಳು ಸಿಕ್ಕಿದ್ದು ಇಲ್ಲೇ. ನೆಲ ಏರು, ಕಲ್ಲು. ಅಮ್ಮ ದ್ವಾರದವರೆಗೆ ಬಂದು ಸಾಕು ಅಂದರೆ ಅಲ್ಲಿಗೇ ನಿಲ್ಲಿಸುವುದು ಅಂತ ಒಪ್ಪಂದವಾಗಿದೆ.

ಇನ್ನೊಂದು ಎಪಿದಾವ್ರೋಸ್. ಕ್ರಿಸ್ತಪೂರ್ವ 4ನೇ ಶತಮಾನದ ಬಯಲು ರಂಗಮಂದಿರ. ರಂಗದ ನಡುವೆ ನಿಂತು ಆಡಿದ ಮಾತು ಮೇಲಿನ ಸಾಲುಗಳಿಗೂ ಮುಟ್ಟುತ್ತದೆ ಅನ್ನೋ ಖ್ಯಾತಿ ಅದಕ್ಕೆ. ಇವತ್ತಿಗೂ ಜುಲೈ-ಆಗಸ್ಟ್‌ನಲ್ಲಿ ಅಲ್ಲಿ ಗ್ರೀಕ್ ನಾಟಕ ಆಡುತ್ತಾರೆ. ಅದು ಮೊದಲು ವೈದ್ಯದೇವ ಅಸ್ಕ್ಲಿಪಿಯಸ್‌ನ ಕ್ಷೇತ್ರ. ರೋಗಿಗಳು ಅಲ್ಲಿ ಮಲಗುತ್ತಿದ್ದರು, ದೇವರು ಕನಸಿನಲ್ಲಿ ಬಂದು ಚಿಕಿತ್ಸೆ ಹೇಳುತ್ತಾನೆ ಅಂತ ನಂಬಿಕೆ. ಬಸ್ ಟಿಕೆಟ್ ತಗೊಳ್ಳುವಾಗ ‘ಪ್ರಾಚೀನ ರಂಗಮಂದಿರ’ಕ್ಕೆ ಅಂತ ಬಿಡಿಸಿ ಹೇಳಿ. ಎಪಿದಾವ್ರೋಸ್ ಹೆಸರಿನ ಬೇರೆ ಊರುಗಳೂ ಅದೇ ಸೀಮೆಯಲ್ಲಿವೆ.

ಯಾವಾಗ ಹೋಗೋದು?

ಮೇ ಇಲ್ಲವೇ ಸೆಪ್ಟೆಂಬರ್ ಕೊನೆ. ಜುಲೈ-ಆಗಸ್ಟ್ ಬಿಸಿಲಿಗೆ ಹಿರಿಯರನ್ನು ಒಡ್ಡಬೇಡಿ. ತೀರಾ ಬಿಸಿಗಾಳಿಯ ದಿನ ಮಧ್ಯಾಹ್ನ ತಾಣಗಳನ್ನೇ ಮುಚ್ಚುವುದೂ ಉಂಟು. ಅಥೆನ್ಸ್‌ನವರಿಗೆ ಇದು ವೀಕೆಂಡ್ ಊರು, ನಮಗೆ ನಂದಿ ಬೆಟ್ಟ ಇದ್ದ ಹಾಗೆ. ಹಾಗಾಗಿ ಭಾನುವಾರ ಸಂಜೆ ತಲುಪಿ ಗುರುವಾರ ಹೊರಟರೆ ರೂಮು ಸುಲಭ, ಗದ್ದಲವೂ ಕಡಿಮೆ. ಬೆಂಗಳೂರಿನಿಂದ ಗಲ್ಫ್ ಮೂಲಕ ಹೋಗುವ ವಿಮಾನಗಳಲ್ಲಿ ಗಾಲಿಕುರ್ಚಿ ಸೇವೆಯನ್ನು ಟಿಕೆಟ್ ಜೊತೆಗೇ ಕೇಳಿಕೊಳ್ಳಿ. ಅದಕ್ಕೆ ಮುಜುಗರಪಡುವ ಅಮ್ಮಂದಿರಿಗೆ ‘ಕ್ಯೂ ಉಳಿಯತ್ತೆ’ ಅಂದರೆ ಒಪ್ಪುತ್ತಾರೆ.

ವೀಸಾ, ವಿಮೆ

ಷೆಂಗೆನ್ ವೀಸಾಗೆ ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಗಡುವಿಗೆ ಕಾಯಬೇಡಿ, ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ದೊಡ್ಡವರಿಗೆ ಶುಲ್ಕ 90 ಯೂರೊ, ಕೇಂದ್ರದ ಸೇವಾಶುಲ್ಕ ಬೇರೆ. ವಾಪಸ್ ಬರುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟವೂ ಬೇಕು. ಅಮ್ಮನ ಖರ್ಚು ನೀವು ನೋಡಿಕೊಳ್ಳುವುದಾದರೆ ಆ ಬಗ್ಗೆ ಪತ್ರ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಅವರ ಪಿಂಚಣಿ ದಾಖಲೆ ಒಟ್ಟಿಗೆ ಇಡಿ.

ವೀಸಾಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಅಗ್ಗದ್ದು ನೋಡಿ ಕ್ಲಿಕ್ ಮಾಡುವ ಮುನ್ನ, ಮೊದಲೇ ಇರುವ ಕಾಯಿಲೆಗೆ ಅದು ಕೊಡುತ್ತದೆಯೇ ಅಂತ ಓದಿ. ಬಿಪಿ, ಶುಗರ್, ಮಂಡಿ ಯಾವುದನ್ನೂ ಮುಚ್ಚಿಡಬೇಡಿ. ಪ್ರಯಾಣಕ್ಕೆ ಮುನ್ನ ಡಾಕ್ಟರಿಗೆ ತೋರಿಸಿ, ಮಾತ್ರೆಗಳ ಚೀಟಿ ಬರೆಸಿಕೊಂಡು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಊಟದ ಚಿಂತೆ

ಸಸ್ಯಾಹಾರಿಗಳು ಕಲಿಯಬೇಕಾದ ಪದ ‘ನಿಸ್ತೀಸಿಮೊ’, ಅಂದರೆ ಅಲ್ಲಿನ ಚರ್ಚಿನ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರಲ್ಲ. ಆದರೆ ಸಿಗಡಿ, ಚಿಪ್ಪುಮೀನು ಇರಬಹುದು. ಅದನ್ನು ಕೇಳಿಯೇ ಆರ್ಡರ್ ಮಾಡಿ. ಟೊಮೆಟೊ ರಸದಲ್ಲಿ ಬೆಂದ ದೊಡ್ಡ ಬಿಳಿ ಕಾಳು, ಪಾಲಕ್ ಪೈ, ಅನ್ನ ತುಂಬಿದ ದೊಣ್ಣೆ ಮೆಣಸಿನಕಾಯಿ ನಮ್ಮವರಿಗೆ ಒಗ್ಗುತ್ತವೆ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಹಾಲಿನ ಪೇಡ ಮಾತ್ರ ಮನೆಯಲ್ಲೇ ಬಿಡಿ: ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿಯನ್ ಯೂನಿಯನ್ ಬಿಡುವುದಿಲ್ಲ.

ನಮ್ಮ ಟಿಕೆಟ್ ಮೇ ತಿಂಗಳಿಗೆ ಆಗಿದೆ. ನಾಲ್ಕು ದಿನದಲ್ಲಿ ಒಂದು ದಿನ ಪೂರ್ತಿ ಖಾಲಿ ಬಿಟ್ಟಿದ್ದೇವೆ, ಮಂಡಿ ಹೇಳಿದಂತೆ ಕೇಳೋದಕ್ಕೆ. ನಿಮ್ಮ ಮನೆಯಲ್ಲೂ ‘ನಮಗ್ಯಾಕೆ ಫಾರಿನ್ನು’ ಅನ್ನುವವರಿದ್ದರೆ, ಬಹುಶಃ ಅವರು ಹೆದರುತ್ತಿರುವುದು ದುಡ್ಡಿಗಲ್ಲ, ದಾರಿಯಲ್ಲಿ ನಿಮಗೆ ಹೊರೆಯಾಗಿಬಿಡ್ತೀವಿ ಅಂತ. ಟಿಕೆಟ್ ದರ ಹೇಳುವ ಮೊದಲು, ಎಲ್ಲೆಲ್ಲಿ ಕೂರಬಹುದು ಅಂತ ಹೇಳಿ ನೋಡಿ.